ಒಂದೇ ಪಾತ್ರ, ಹಲವು ಫಿಗರ್: ಯಾವುದನ್ನು ಕೊಳ್ಳಬೇಕು?

ಇಷ್ಟದ ಅನಿಮೆ (ಜಪಾನಿನ ಕಾರ್ಟೂನ್) ಪಾತ್ರದ ಹೆಸರು ಹಾಕಿ ಅದರ ಫಿಗರ್, ಅಂದರೆ ಸಂಗ್ರಹದ ಬೊಂಬೆ, ಹುಡುಕಿ ನೋಡಿ. ಕೈಕಾಲು ಆಡಿಸಬಹುದಾದ ಆಕ್ಷನ್ ಫಿಗರ್‌ಗಳಲ್ಲಿ ಎಸ್.ಎಚ್. ಫಿಗ್ಯುಆರ್ಟ್ಸ್ ಸಿಗುತ್ತದೆ, ಫಿಗ್ಮಾ ಸಿಗುತ್ತದೆ. ದೊಡ್ಡ ತಲೆಯ ನೆಂಡೊರಾಯ್ಡ್ ಇರುತ್ತದೆ. ಕದಲದೆ ನಿಂತ 1/7 ಅಳತೆಯ, ಅಂದರೆ ಪಾತ್ರದ ಎತ್ತರದ ಏಳನೇ ಒಂದು ಭಾಗದ, ಸ್ಕೇಲ್ ಫಿಗರ್ ಇರುತ್ತದೆ. ಅದಕ್ಕಿಂತ ಎಷ್ಟೋ ಕಡಿಮೆ ದುಡ್ಡಿಗೆ ಬರುವ ಪ್ರೈಜ್ ಫಿಗರ್ ಇರುತ್ತದೆ. ನೀವೇ ಕೂತು ಜೋಡಿಸುವ ಕಿಟ್ ಕೂಡ ಇರಬಹುದು. ಫೋಟೋದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಹಾಗಾಗಿ "ಇದರಲ್ಲಿ ಯಾವುದು ತಗೊಳ್ಳಲಿ?" ಎಂಬ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತದೆ.

ನಾನು ಅವರಿಗೆ ಮೊದಲು ಕೇಳುವುದು ಒಂದೇ. ಬಾಕ್ಸ್ ತೆರೆದು ತಿಂಗಳಾದ ಮೇಲೆ ನಿಮ್ಮ ಕೈ ಆ ಬೊಂಬೆಯನ್ನು ಮುಟ್ಟುತ್ತಾ, ಇಲ್ಲ ಕಣ್ಣು ಮಾತ್ರ ನೋಡುತ್ತಾ? ಆಕ್ಷನ್ ಫಿಗರ್‌ನ ಕೀಲುಗಳು ಪುಕ್ಕಟೆ ಬರುವುದಿಲ್ಲ. ಅವುಗಳಿಗೆ ದುಡ್ಡೂ ಕೊಡುತ್ತೀರಿ, ಅಂದವನ್ನೂ ಸ್ವಲ್ಪ ಬಿಟ್ಟುಕೊಡುತ್ತೀರಿ. ಮೊಣಕೈಯಲ್ಲಿ ಕೀಲಿದ್ದರೆ ಅಲ್ಲಿ ಗೆರೆ ಕಾಣುತ್ತದೆ. ತೊಡೆ ತಿರುಗಬೇಕಾದರೆ ತೊಡೆಯಲ್ಲೊಂದು ಸೀಳು ಇರಲೇಬೇಕು. ಆ ಕೀಲುಗಳನ್ನು ನಿಜವಾಗಿ ಬಳಸುವವರಿಗೆ ಇದು ಒಳ್ಳೆಯ ವ್ಯಾಪಾರ. ಒಂದು ಪೋಸ್‌ನಲ್ಲಿ ನಿಲ್ಲಿಸಿ ವರ್ಷಗಟ್ಟಲೆ ಮುಟ್ಟದವರಿಗೆ ಅಲ್ಲ.

ಬೆಲೆ ನೋಡುವ ಮೊದಲು

ಕೈಯೋ ಕಣ್ಣೋ ಎಂಬುದು ಗೊತ್ತಾದ ಮೇಲೆ ಇನ್ನು ನಾಲ್ಕು ವಿಷಯ ಯೋಚಿಸಿ.

ಮೊದಲನೆಯದು ಪಾತ್ರದ ಉಡುಪು. ಇದನ್ನು ಯಾರೂ ಹೇಳುವುದಿಲ್ಲ, ಆದರೆ ಅರ್ಧ ತೀರ್ಮಾನ ಇಲ್ಲೇ ಆಗುತ್ತದೆ. ಬಿಗಿ ಬಟ್ಟೆ ಹಾಕಿ ಹೊಡೆದಾಡುವ ಪಾತ್ರ, ಕುಸ್ತಿಪಟುವಿನಂಥ ಮೈಕಟ್ಟು, ಚಿಕ್ಕ ಕೂದಲು, ಇವೆಲ್ಲ ಕೀಲುಗಳಿಗೆ ಹೇಳಿ ಮಾಡಿಸಿದಂತೆ. ನೆಲ ಮುಟ್ಟುವ ಕೂದಲು, ಉದ್ದ ಲಂಗ, ಕಿಮೊನೊ, ಮೊಣಕಾಲು ಮುಚ್ಚುವ ಕೋಟು ಇದ್ದರೆ ಕಥೆ ಬೇರೆ. ಪ್ಲಾಸ್ಟಿಕ್ ಲಂಗ ಕಾಲನ್ನು ಎತ್ತಲು ಬಿಡುವುದಿಲ್ಲ. ಉದ್ದ ಕೂದಲು ಬೆನ್ನಿಗೆ ತಾಗಿ ತಲೆ ಹಿಂದೆ ಬಾಗುವುದಿಲ್ಲ. ಕೂದಲಿನ ಭಾರಕ್ಕೆ ಬೊಂಬೆ ಹಿಂದಕ್ಕೆ ವಾಲುವುದೂ ಉಂಟು. ಅಂಥ ಪಾತ್ರದ ಆಕ್ಷನ್ ಫಿಗರ್‌ನಲ್ಲಿ ಕೀಲುಗಳು ಇದ್ದೂ ಕೆಲಸಕ್ಕೆ ಬಾರವು. ಅದೇ ಪಾತ್ರ ಸ್ಕೇಲ್ ಫಿಗರ್ ಆದಾಗ ಕೂದಲು ಗಾಳಿಯಲ್ಲಿ ಹಾರುತ್ತಿರುತ್ತದೆ, ಲಂಗ ಅಲೆ ಅಲೆಯಾಗಿ ಹರಡಿರುತ್ತದೆ.

ಎರಡನೆಯದು ಜಾಗ. 1/12 ಅಳತೆ ಎಂದರೆ 170 ಸೆಂ.ಮೀ. ಎತ್ತರದ ಪಾತ್ರ ಸುಮಾರು 14 ಸೆಂ.ಮೀ. ಆಗುತ್ತದೆ. ಅಂಗೈಗೆ ಹೊಂದುವ ಗಾತ್ರ. 160 ಸೆಂ.ಮೀ. ಪಾತ್ರ 1/7ರಲ್ಲಿ ಸುಮಾರು 23 ಸೆಂ.ಮೀ., 1/4ರಲ್ಲಿ 40 ಸೆಂ.ಮೀ. ಈ ಲೆಕ್ಕದಲ್ಲಿ ಎತ್ತಿದ ಕತ್ತಿ, ಚಾಚಿದ ರೆಕ್ಕೆ, ಅಗಲದ ಪೀಠ ಸೇರಿಲ್ಲ. ಮಾರುವ ಪುಟದಲ್ಲಿ ಎತ್ತರ ಮಾತ್ರ ಬರೆದಿದ್ದರೆ ಅಗಲವನ್ನೂ ಹುಡುಕಿ. ಶೋಕೇಸಿನ ಬಾಗಿಲು ಮುಚ್ಚದೆ ಹೋಗುವುದು ಸಾಮಾನ್ಯವಾಗಿ ಅಗಲದಿಂದಲೇ. ಬಾಕ್ಸ್ ಇಟ್ಟುಕೊಳ್ಳುವ ಯೋಚನೆ ಇದ್ದರೆ ಅದಕ್ಕೂ ಬೇರೆ ಜಾಗ ಬೇಕು.

ಮೂರನೆಯದು ಮನೆಗೆ ಬಂದು ಸೇರುವಷ್ಟರಲ್ಲಿ ಆಗುವ ಒಟ್ಟು ಖರ್ಚು. ಬಹಳಷ್ಟು ಫಿಗರ್‌ಗಳು ಜಪಾನಿನ ಕಂಪನಿಗಳವು. ಹೊರದೇಶಕ್ಕೆ ತರಿಸುವಾಗ ಅನೇಕ ಕೊರಿಯರ್ ಸೇವೆಗಳು ಬಾಕ್ಸಿನ ಗಾತ್ರಕ್ಕೂ ದುಡ್ಡು ತೆಗೆದುಕೊಳ್ಳುತ್ತವೆ. ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದದ್ದನ್ನು ಕೆಜಿ ಲೆಕ್ಕದ ತೂಕ ಎಂದು ಹಿಡಿಯುವುದು ದೊಡ್ಡ ಕೊರಿಯರ್ ಕಂಪನಿಗಳ ರೂಢಿ. ಸ್ಕೇಲ್ ಫಿಗರ್‌ನ 35, 25, 25ರ ಬಾಕ್ಸ್ ಈ ಲೆಕ್ಕದಲ್ಲಿ 4.4 ಕೆಜಿ ಆಗುತ್ತದೆ. ಒಳಗಿನ ಬೊಂಬೆ ಒಂದೇ ಕೆಜಿ ಇದ್ದರೂ ಸರಿ. ಚಿಕ್ಕ ಆಕ್ಷನ್ ಫಿಗರ್‌ನ ಬಾಕ್ಸ್ ಅರ್ಧ ಕೆಜಿ ಆಸುಪಾಸಿನಲ್ಲಿ ಮುಗಿಯುತ್ತದೆ. ಇದರ ಮೇಲೆ ಆಮದು ಸುಂಕ. ಆದ್ದರಿಂದ ಬೊಂಬೆಯ ಬೆಲೆಯಲ್ಲಿ ಎರಡರ ಮಧ್ಯೆ ಜಾಸ್ತಿ ವ್ಯತ್ಯಾಸ ಇಲ್ಲದಿದ್ದರೂ ಕೊನೆಯ ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಬರಬಹುದು.

ನಾಲ್ಕನೆಯದು ನಿಮ್ಮ ತಾಳ್ಮೆ. ಇದರ ಬಗ್ಗೆ ಪ್ರೀ-ಆರ್ಡರ್ (ಬಿಡುಗಡೆಗೆ ಮುಂಚೆಯೇ ಕಾಯ್ದಿರಿಸುವುದು) ವಿಷಯ ಬಂದಾಗ ಹೇಳುತ್ತೇನೆ.

ಕೀಲುಳ್ಳವು: ಫಿಗ್ಯುಆರ್ಟ್ಸ್, ಫಿಗ್ಮಾ, ರಿವಾಲ್ಟೆಕ್

ಎಸ್.ಎಚ್. ಫಿಗ್ಯುಆರ್ಟ್ಸ್ ಬಂಡಾಯಿಯ ಸರಣಿ. ಫಿಗ್ಮಾವನ್ನು ರೂಪಿಸುವುದು ಮ್ಯಾಕ್ಸ್ ಫ್ಯಾಕ್ಟರಿ, ಮಾರುವುದು ಗುಡ್ ಸ್ಮೈಲ್ ಕಂಪನಿ. ಎರಡೂ 2008ರಲ್ಲಿ ಶುರುವಾದವು. ಎರಡೂ ಹೆಚ್ಚು ಕಡಿಮೆ ಒಂದೇ ಗಾತ್ರ, ಹಾಗಾಗಿ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ನಿಲ್ಲಿಸಬಹುದು. ಆದರೆ ಕೈಗೆತ್ತಿಕೊಂಡ ಕೂಡಲೇ ಎರಡರ ಸ್ವಭಾವ ಬೇರೆ ಎಂದು ತಿಳಿಯುತ್ತದೆ.

ಫಿಗ್ಯುಆರ್ಟ್ಸ್‌ನ ಬಲ ಹೊಡೆದಾಟದ ಪೋಸ್‌ಗಳಲ್ಲಿದೆ. ಜಪಾನಿನ ಟಿವಿ ಸೂಪರ್‌ಹೀರೋ ಕಾಮೆನ್ ರೈಡರ್‌ನ ಬೊಂಬೆಗಳಿಂದ ಆರಂಭವಾದ ಸರಣಿ ಇದು. ಆಮೇಲೆ ಡ್ರ್ಯಾಗನ್ ಬಾಲ್ ಅನಿಮೆಯ ಪಾತ್ರಗಳು ಬಂದವು, ಈಗಲೂ ಆ ಪಾತ್ರಗಳಿಗೆ ಹೆಚ್ಚಿನವರು ಮೊದಲು ನೋಡುವುದು ಇದನ್ನೇ. ಹೊಸ ಬೊಂಬೆಗಳಲ್ಲಿ ಭುಜ ಎದೆಯ ಮುಂದಕ್ಕೂ ಬರುತ್ತದೆ. ಎರಡೂ ಕೈಗಳನ್ನು ಎದೆಯ ಎದುರು ಸೇರಿಸಿ ಶಕ್ತಿಯ ಉಂಡೆ ಎಸೆಯುವ ಪೋಸ್ ಸಲೀಸಾಗಿ ಬರುತ್ತದೆ. ಮೊಣಕಾಲು ಎರಡು ಹಂತದಲ್ಲಿ ಮಡಚುತ್ತದೆ. ಪಾದದ ಗೆಣ್ಣು ಪಕ್ಕಕ್ಕೂ ವಾಲುವುದರಿಂದ ಕಾಲು ಅಗಲಿಸಿ ನಿಂತರೂ ಅಂಗಾಲು ನೆಲಕ್ಕೆ ಅಂಟಿಕೊಂಡಿರುತ್ತದೆ. ಆಕ್ಷನ್ ಫಿಗರ್ ವಿಮರ್ಶೆ ಓದುವಾಗ ನಾನು ಮೊದಲು ಹುಡುಕುವುದು ಈ ಪಾದದ ಫೋಟೋವನ್ನೇ. ಪಾದ ಸರಿ ಇದ್ದರೆ ಬೊಂಬೆ ನಿಲ್ಲುತ್ತದೆ. ಪಾದ ಸರಿ ಇಲ್ಲದಿದ್ದರೆ ಉಳಿದ ಕೀಲುಗಳು ಎಷ್ಟು ಚೆನ್ನಾಗಿದ್ದರೂ ಸ್ಟ್ಯಾಂಡಿನ ಹಂಗು ತಪ್ಪದು.

ಅದೇ ಸ್ಟ್ಯಾಂಡ್ ಫಿಗ್ಯುಆರ್ಟ್ಸ್ ಬಾಕ್ಸಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬೇರೆಯಾಗಿ ಕೊಳ್ಳಬೇಕು. ಗಾಳಿಯಲ್ಲಿ ಹಾರುವ ಪಾತ್ರವನ್ನು ಕೊಂಡು ನೆಲದ ಮೇಲೆ ನಿಲ್ಲಿಸಿದರೆ ಬೇಸರ ಆಗುವುದು ಸಹಜ, ಆದ್ದರಿಂದ ಆ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಿ. ಇನ್ನೊಂದು ತೊಡಕು, ಈ ಸರಣಿಯ ಕೆಲವು ಪಾತ್ರಗಳು ಬಂಡಾಯಿಯ ಸ್ವಂತ ವೆಬ್ ಅಂಗಡಿಯಲ್ಲಿ ಮಾತ್ರ ಮಾರಾಟವಾಗುತ್ತವೆ. ನಾಯಕ ಎಲ್ಲೆಡೆ ಸಿಗುತ್ತಾನೆ, ಅವನ ಗೆಳೆಯ ಅಲ್ಲಿ ಮಾತ್ರ ಸಿಗುತ್ತಾನೆ. ಇಡೀ ತಂಡ ಸೇರಿಸುವ ಆಸೆ ಇದ್ದರೆ ಮೊದಲ ಬೊಂಬೆ ಕೊಳ್ಳುವ ಮುಂಚೆಯೇ ಉಳಿದವರು ಯಾವ ದಾರಿಯಲ್ಲಿ ಬಂದಿದ್ದಾರೆ ಎಂದು ನೋಡಿಕೊಳ್ಳಿ.

ಫಿಗ್ಮಾ ಸೌಮ್ಯ ಸ್ವಭಾವದ್ದು. ಕೀಲುಗಳು ಚಿಕ್ಕವು, ಮೈಗೆರೆ ಮೃದು. ಶಾಲಾ ಹುಡುಗಿಯರು, ತೆಳ್ಳಗಿನ ಕತ್ತಿವರಸೆಗಾರರು, ವಿಡಿಯೊ ಗೇಮ್ ಪಾತ್ರಗಳು ಇದರಲ್ಲಿ ಚೆನ್ನಾಗಿ ಬರುತ್ತವೆ. ಬೆನ್ನಿನಲ್ಲಿ ಒಂದು ತೂತು, ಅದಕ್ಕೆ ಸಿಕ್ಕಿಸುವ ಕೀಲುಳ್ಳ ಸ್ಟ್ಯಾಂಡ್ ಬಾಕ್ಸಿನಲ್ಲೇ ಇರುತ್ತದೆ. ಬದಲಿ ಮುಖಗಳು, ಬದಲಿ ಕೈಗಳು ಕೂಡ ಬರುತ್ತವೆ. ಆ ಚಿಕ್ಕ ಕೈಗಳು ಕಳೆದುಹೋದರೆ ಬಿಡಿಯಾಗಿ ಸಿಗುವುದು ಕಷ್ಟ. ಮೊದಲ ದಿನವೇ ಅವಕ್ಕೊಂದು ಜಿಪ್ ಚೀಲ ಮಾಡಿ. ಕೋಪದ ಮುಖ, ನಗುವ ಮುಖ, ಕಿರುಚುವ ಮುಖ ಬದಲಾಯಿಸುತ್ತಾ ಹೋದರೆ ಒಂದೇ ಬೊಂಬೆಯಲ್ಲಿ ನಾಲ್ಕು ದೃಶ್ಯ ಹುಟ್ಟುತ್ತವೆ. ಫೋಟೋ ತೆಗೆಯುವ ಹುಚ್ಚಿದ್ದವರಿಗೆ ಇದಕ್ಕಿಂತ ಬೇರೆ ಬೇಕಿಲ್ಲ.

ದೌರ್ಬಲ್ಯ ಎಲ್ಲಿ ಎಂದರೆ ಆ ಚಿಕ್ಕ ಕೀಲುಗಳಲ್ಲೇ. ಮಣಿಕಟ್ಟಿನ ಕಡ್ಡಿ ಬೆಂಕಿಕಡ್ಡಿಗಿಂತಲೂ ಸಣ್ಣದು. ಬಿಗಿಯಾಗಿದ್ದಾಗ ಬಲವಂತ ಮಾಡಿ ತಿರುಗಿಸಿದರೆ ಒಳಗೇ ಮುರಿದು ಉಳಿಯುತ್ತದೆ. ಇದು ಎಲ್ಲ ಸಣ್ಣ ಆಕ್ಷನ್ ಫಿಗರ್‌ಗಳಿಗೂ ಇರುವ ಅಪಾಯ. ಹೊಸ ಬೊಂಬೆಯ ಕೀಲು ಕದಲದಿದ್ದರೆ ಹೇರ್ ಡ್ರೈಯರಿನ ಬಿಸಿಗಾಳಿಯನ್ನು ಸ್ವಲ್ಪ ಹೊತ್ತು ಹಿಡಿಯಿರಿ, ಇಲ್ಲ ಬಿಸಿನೀರಲ್ಲಿ ಅದ್ದಿ. ಪ್ಲಾಸ್ಟಿಕ್ ಮೆತ್ತಗಾದ ಮೇಲೆ ಮೆಲ್ಲಗೆ ತಿರುಗಿಸಿ.

ಕೈಯೊಡೊ ಕಂಪನಿಯ ರಿವಾಲ್ಟೆಕ್ 2006ರಿಂದ ಇದೆ. ಅದರ ಕೀಲು ತಿರುಗುವಾಗ ಕಟಕಟ ಎಂದು ಹಲ್ಲು ಹಲ್ಲಾಗಿ ಕೂರುತ್ತದೆ. ಹಾಗಾಗಿ ಒಮ್ಮೆ ಕೊಟ್ಟ ಪೋಸ್ ಕುಸಿಯುವುದಿಲ್ಲ. ಶಿಲ್ಪಿ ಕತ್ಸುಹಿಸಾ ಯಮಗುಚಿ ಹೆಸರಿನಲ್ಲಿ ಬರುವ ಅಮೇಜಿಂಗ್ ಯಮಗುಚಿ ಬೊಂಬೆಗಳನ್ನು ನೋಡಿದರೆ ಕಾಮಿಕ್ ಪುಟದಿಂದ ನೇರ ನೆಗೆದಂತೆ ಇರುತ್ತವೆ. ಮೈ ತಿರುಚಿ, ಬೆನ್ನು ಬಿಲ್ಲಾಗಿಸಿ ನಿಲ್ಲಿಸಲು ಇವನ್ನು ಮೀರಿಸುವಂಥದ್ದು ಕಡಿಮೆ. ಆದರೆ ಸುಮ್ನೆ ನೆಟ್ಟಗೆ ನಿಲ್ಲಿಸಿದರೆ ಕೀಲುಗಳ ಸಂದು ಎದ್ದು ಕಾಣುತ್ತದೆ, ಮೈಯ ಅಳತೆ ವಿಚಿತ್ರ ಅನ್ನಿಸುತ್ತದೆ. ಹಲ್ಲುಗಳ ಮಧ್ಯದ ಕೋನ ಬೇಕೆಂದರೆ ಸಿಗುವುದಿಲ್ಲ. ಮೊದಲ ಆಕ್ಷನ್ ಫಿಗರ್ ಆಗಿ ಇದನ್ನು ಹೇಳಲು ನನಗೆ ಹಿಂಜರಿಕೆ ಇದೆ. ಪೋಸ್ ಕೊಡುವುದರಲ್ಲೇ ಸಂತೋಷ ಕಂಡುಕೊಂಡವರಿಗೆ ಮಾತ್ರ ಬಹಳ ಇಷ್ಟವಾಗುತ್ತದೆ.

ಬಜೆಟ್ ಚಿಕ್ಕದಿದ್ದರೆ ಬಂಡಾಯಿಯದೇ ಅನಿಮೆ ಹೀರೋಸ್ ಇದೆ. ಆರೂವರೆ ಇಂಚಿನ ಬೊಂಬೆ, ಆಟಿಕೆ ಅಂಗಡಿಗಾಗಿ ಮಾಡಿದ್ದು. ಪೇಂಟ್ ಸರಳ, ಕೀಲುಗಳು ದಪ್ಪ, ಮುಖದ ಸೊಬಗು ಕಡಿಮೆ. ಆದರೆ ಗಟ್ಟಿ. ಕೈಯಲ್ಲಿ ಹಿಡಿದು ಆಡಿದರೂ ತಡೆಯುತ್ತದೆ.

ಜೋಡಿಸುವ ಕಿಟ್

ಬಂಡಾಯಿಯ ಫಿಗರ್-ರೈಸ್ ಸ್ಟ್ಯಾಂಡರ್ಡ್ ಸರಣಿಯನ್ನು ಕೆಲವರು ಹೋಲಿಕೆಗೆ ತೆಗೆದುಕೊಳ್ಳುವುದೇ ಇಲ್ಲ, ಕಿಟ್ ಎಂದ ಕೂಡಲೇ ಹೆದರುತ್ತಾರೆ. ಹೆದರಬೇಕಾದದ್ದು ಏನೂ ಇಲ್ಲ. ಭಾಗಗಳು ಆಯಾ ಬಣ್ಣದ ಪ್ಲಾಸ್ಟಿಕ್‌ನಲ್ಲೇ ಬಂದಿರುತ್ತವೆ. ಅಂಟು ಬೇಕಿಲ್ಲ, ಒತ್ತಿದರೆ ಕೂರುತ್ತವೆ. ಒಂದು ಒಳ್ಳೆಯ ಕಟ್ಟರ್ ಮತ್ತು ಒಂದು ಸಂಜೆ ಇದ್ದರೆ ಸಾಕು. ಕೀಲುಳ್ಳ ಬೊಂಬೆ ಸಿದ್ಧ, ಅದೂ ತಯಾರಾಗಿ ಬರುವ ಆಕ್ಷನ್ ಫಿಗರ್‌ಗಿಂತ ಸಾಮಾನ್ಯವಾಗಿ ಕಡಿಮೆ ದುಡ್ಡಿಗೆ. ಮೈಬಣ್ಣ ಮಾತ್ರ ಪ್ಲಾಸ್ಟಿಕ್ ಆಗಿಯೇ ಕಾಣುತ್ತದೆ. ನೆರಳು, ಮಡಿಕೆಯ ಗಾಢತೆ ಬೇಕೆಂದರೆ ನೀವೇ ಬಣ್ಣ ಹಚ್ಚಬೇಕು. ಕೈಯಾರೆ ಮಾಡಿದ್ದು ಎಂಬ ಖುಷಿಗೆ ಬೆಲೆ ಕೊಡುವವರಿಗೆ ನಾನು ಇದನ್ನು ಮನಸಾರೆ ಹೇಳುತ್ತೇನೆ.

ನೆಂಡೊರಾಯ್ಡ್

ಗುಡ್ ಸ್ಮೈಲ್ ಕಂಪನಿ 2006ರಲ್ಲಿ ಶುರು ಮಾಡಿದ ಈ ಸರಣಿ ಸುಮಾರು 10 ಸೆಂ.ಮೀ. ಎತ್ತರದ್ದು. ದೊಡ್ಡ ತಲೆ, ಪುಟ್ಟ ಮೈ. ಮುಖದ ತುಂಡನ್ನು ತೆಗೆದು ಬೇರೆ ಭಾವದ ಮುಖ ಹಾಕಬಹುದು. ಸ್ಟ್ಯಾಂಡ್ ಜೊತೆಗೇ ಬರುತ್ತದೆ. ಕೈಕಾಲು ಬದಲಾಯಿಸಬಹುದೇ ಹೊರತು ಆಕ್ಷನ್ ಫಿಗರ್‌ನಂತೆ ಮಡಚಲು ಆಗುವುದಿಲ್ಲ.

ಮೇಜಿನ ಮೂಲೆಯಲ್ಲಿ ಅಂಗೈಯಗಲದ ಜಾಗವಷ್ಟೇ ಇದ್ದವರಿಗೆ ಇದು ಸರಿಹೋಗುತ್ತದೆ. ಉದ್ದ ಲಂಗದ, ಉದ್ದ ಕೂದಲಿನ ಪಾತ್ರಗಳೂ ಇದರಲ್ಲಿ ಮುದ್ದಾಗಿ ಬರುತ್ತವೆ, ಯಾಕೆಂದರೆ ಇಲ್ಲಿ ಒದೆಯುವ ಪೋಸ್ ಯಾರೂ ಕೇಳುವುದಿಲ್ಲ. ಆದರೆ ಒಂದು ಮಾತು. ಪಾತ್ರದ ಗಾಂಭೀರ್ಯವೇ ನಿಮಗೆ ಇಷ್ಟವಾದದ್ದಾಗಿದ್ದರೆ ಅದನ್ನು ಈ ರೂಪದಲ್ಲಿ ನೋಡಿ ಸಮಾಧಾನ ಆಗದೆ ಹೋಗಬಹುದು. ಬೆಲೆ ನೋಡಿ ಆರಿಸಬೇಡಿ, ಆ ರೂಪ ನಿಜವಾಗಿ ಹಿಡಿಸಿದರೆ ಮಾತ್ರ ಆರಿಸಿ.

ಕದಲದವು: ಪ್ರೈಜ್, ಪಾಪ್ ಅಪ್ ಪರೇಡ್, ಸ್ಕೇಲ್

ಪ್ರೈಜ್ ಫಿಗರ್ ಎಂದರೆ ಜಪಾನಿನ ಆಟದ ಕೇಂದ್ರಗಳಲ್ಲಿ ಕ್ರೇನ್ ಯಂತ್ರದಲ್ಲಿ ಗೆಲ್ಲುವ ಬೊಂಬೆ. ಬ್ಯಾನ್‌ಪ್ರೆಸ್ಟೊ, ಸೇಗಾ, ಟೈಟೊ, ಫುರ್ಯು ಮೊದಲಾದ ಹೆಸರುಗಳಲ್ಲಿ ಬರುತ್ತವೆ. ಇಂಥ ಬಹುಮಾನದ ವಸ್ತುವಿನ ಬೆಲೆಗೆ ಜಪಾನಿನಲ್ಲಿ ಮಿತಿ ಇದೆ. ಮೊದಲು ಸುಮಾರು 800 ಯೆನ್ ಇತ್ತು, 2022ರಲ್ಲಿ ಸುಮಾರು 1,000 ಯೆನ್‌ಗೆ ಏರಿತು. ಅಷ್ಟರೊಳಗೆ ಮಾಡಿ ಮುಗಿಸಬೇಕಾದ ಬೊಂಬೆಯಲ್ಲಿ ಪೇಂಟ್ ಹಂತಗಳು ಕಡಿಮೆ ಇರುವುದು ಸಹಜ. ಕೂದಲಿನ ತುದಿ ಮೊಂಡು, ಜೋಡಣೆಯ ಗೆರೆ ಕಾಣಿಸುತ್ತದೆ, ಬಟ್ಟೆಗೆ ನೆರಳಿನ ಬಣ್ಣ ಇರುವುದಿಲ್ಲ. ಹಾಗಿದ್ದೂ ಈ ಬೊಂಬೆಗಳ ಶಿಲ್ಪ ಎಷ್ಟು ಮುಂದೆ ಬಂದಿದೆ ಎಂದು ನೋಡಿದರೆ ಆಶ್ಚರ್ಯ ಆಗುತ್ತದೆ. ಹೊಸಬರು ಇಲ್ಲಿಂದ ಶುರು ಮಾಡಿದರೆ ನಷ್ಟ ಇಲ್ಲ. ಯಾವ ಪಾತ್ರದ ಮೇಲೆ ಪ್ರೀತಿ ಎಷ್ಟು ದಿನ ಉಳಿಯುತ್ತದೆ ಎಂದು ತಿಳಿಯಲು ಸಣ್ಣ ಖರ್ಚು ಸಾಕು, ಅಲ್ವಾ?

ಇದರ ಮತ್ತು ಸ್ಕೇಲ್ ಫಿಗರ್‌ನ ಮಧ್ಯೆ ಖಾಲಿ ಇದ್ದ ಜಾಗವನ್ನು ತುಂಬಲು ಗುಡ್ ಸ್ಮೈಲ್ 2019ರಲ್ಲಿ ಪಾಪ್ ಅಪ್ ಪರೇಡ್ ತಂದಿತು. ಶುರುವಿನಲ್ಲಿ 3,900 ಯೆನ್ ಬೆಲೆ, 17-18 ಸೆಂ.ಮೀ. ಎತ್ತರ, ಕಾಯುವ ಕಾಲವೂ ಕಡಿಮೆ ಎಂಬುದು ಅದರ ಗುರುತಾಗಿತ್ತು. ಪೋಸ್ ಸರಳ, ಪೀಠ ಸರಳ, ಆದರೆ ಮುಖ ಅಚ್ಚುಕಟ್ಟು. ಕಣ್ಣಿಗೆ ಮಾತ್ರ ಬೇಕು, ಬಜೆಟ್ ಮಧ್ಯಮ ಎನ್ನುವವರಿಗೆ ಇದನ್ನು ಮೊದಲು ನೋಡಲು ಹೇಳುತ್ತೇನೆ.

ಸ್ಕೇಲ್ ಫಿಗರ್ ಬೇರೆಯೇ ಲೋಕ. ಆಲ್ಟರ್, ಕೊಟೊಬುಕಿಯಾ, ಮೆಗಾಹೌಸ್, ಮ್ಯಾಕ್ಸ್ ಫ್ಯಾಕ್ಟರಿಯಂಥ ಕಂಪನಿಗಳ 1/7 ಅಥವಾ 1/8 ಅಳತೆಯ ಬೊಂಬೆಯನ್ನು ಹತ್ತಿರದಿಂದ ನೋಡಿ. ಕೂದಲಿನ ತುದಿಯಲ್ಲಿ ಬಣ್ಣ ತಿಳಿಯಾಗುತ್ತಾ ಹೋಗುತ್ತದೆ. ಮೊಣಕಾಲಿಗೆ ಸ್ವಲ್ಪ ಕೆಂಪು ತಾಗಿಸಿರುತ್ತಾರೆ. ಬಟ್ಟೆಯ ಒಳಮೈಗೂ ಬಣ್ಣ ಇರುತ್ತದೆ. ಶಿಲ್ಪಿಯ ಹೆಸರು, ಬಣ್ಣ ಹಾಕಿದವರ ಹೆಸರು ಬಾಕ್ಸಿನ ಮೇಲೆ ಅಥವಾ ಮಾರಾಟದ ಪುಟದಲ್ಲಿ ಹಲವು ಬಾರಿ ಕೊಟ್ಟಿರುತ್ತಾರೆ. ಹೆಸರು ಗೊತ್ತಾದರೆ ಅವರ ಹಿಂದಿನ ಕೆಲಸ ನೋಡಿ, ಅದಕ್ಕಿಂತ ಒಳ್ಳೆಯ ವಿಮರ್ಶೆ ಇಲ್ಲ.

ಬಿಟ್ಟುಕೊಡುವುದೇನು? ಒಂದೇ ಪೋಸ್. ಅದು ನಿಮ್ಮ ನೆನಪಿನಲ್ಲಿರುವ ಪಾತ್ರದ ಕ್ಷಣವೇ ಆಗಿರಬೇಕು. ದುಡ್ಡು, ಜಾಗ, ಸಾಗಣೆ ಮೂರೂ ಜಾಸ್ತಿ. ಒಂದು ಸ್ಕೇಲ್ ಫಿಗರ್‌ನ ಬೆಲೆಗೆ ಎರಡೋ ಮೂರೋ ಆಕ್ಷನ್ ಫಿಗರ್ ಬರಬಹುದು. ಇನ್ನೂ ಮೇಲೆ ಹೋದರೆ ಪಾಲಿಸ್ಟೋನ್ (ಕಲ್ಲಿನ ಪುಡಿ ಬೆರೆಸಿದ ರೆಸಿನ್), ರೆಸಿನ್ ಪ್ರತಿಮೆಗಳಿವೆ. ಅವು ಭಾರ. ಬಿದ್ದರೆ ಮಾಮೂಲಿ ಫಿಗರ್‌ಗಳ ಪಿವಿಸಿ ಪ್ಲಾಸ್ಟಿಕ್‌ನಂತೆ ಪುಟಿಯುವುದಿಲ್ಲ, ಚೂರಾಗುತ್ತವೆ. ಗಟ್ಟಿ ಕಪಾಟು, ಬೀಗ, ಸ್ಥಿರವಾದ ಮನೆ ಇಲ್ಲದೆ ಅವುಗಳ ಯೋಚನೆ ಬೇಡ.

ವಿಮರ್ಶೆಯನ್ನು ಹೇಗೆ ಓದಬೇಕು

ಕಂಪನಿ ಹಾಕುವ ಫೋಟೋ ಹೆಚ್ಚಾಗಿ ಮಾದರಿ ಬೊಂಬೆಯದು. ಕೈಯಿಂದ ಬಣ್ಣ ಹಾಕಿದ ಆ ಮಾದರಿಗೂ ಕಾರ್ಖಾನೆಯಿಂದ ಹೊರಬಂದದ್ದಕ್ಕೂ ವ್ಯತ್ಯಾಸ ಇರುತ್ತದೆ. ಆದ್ದರಿಂದ ಕೊಂಡವರು ತೆಗೆದ ಫೋಟೋಗಳನ್ನು ನೋಡಿ. ಬೆಳಕು ಕಡಿಮೆ ಇದ್ದರೂ, ಹಿನ್ನೆಲೆ ಚೆನ್ನಾಗಿಲ್ಲದಿದ್ದರೂ ಅವೇ ನಿಜ.

ಕೀಲುಳ್ಳ ಬೊಂಬೆಯಾದರೆ ಪಾದದ ಬಗ್ಗೆ ಆಗಲೇ ಹೇಳಿದೆ. ಅದರ ಜೊತೆಗೆ ತಲೆ ಎಷ್ಟು ಮೇಲೆ ನೋಡುತ್ತದೆ ಎಂದು ಗಮನಿಸಿ. ಹಾರುವ ಪೋಸ್‌ಗೆ ತಲೆ ಎತ್ತಲಾಗದಿದ್ದರೆ ಪಾತ್ರ ನೆಲ ನೋಡುತ್ತಾ ಹಾರುತ್ತದೆ. ಮೊಣಕೈ ಪೂರ್ತಿ ಮಡಚಿದಾಗ ಕೀಲು ಹೇಗೆ ಕಾಣುತ್ತದೆ, ಸೊಂಟ ಬಾಗಿಸಿದಾಗ ಹೊಟ್ಟೆಯ ಬಳಿ ಬಿರುಕು ಬಾಯಿ ಬಿಡುತ್ತದಾ, ಆಯುಧ ಕೈಯಲ್ಲಿ ಗಟ್ಟಿಯಾಗಿ ನಿಲ್ಲುತ್ತದಾ, ಇವನ್ನು ತೋರಿಸದ ವಿಮರ್ಶೆ ಅಪೂರ್ಣ. ತಿಂಗಳುಗಳ ನಂತರ ಬರೆದ ವಿಮರ್ಶೆ ಸಿಕ್ಕರೆ ಬಿಡಬೇಡಿ. ಬಾಕ್ಸ್ ತೆರೆದ ದಿನ ಎಲ್ಲ ಕೀಲುಗಳೂ ಬಿಗಿಯಾಗಿಯೇ ಇರುತ್ತವೆ.

ಕದಲದ ಬೊಂಬೆಯಾದರೆ ಕಣ್ಣುಗಳನ್ನು ನೋಡಿ. ಅಚ್ಚು ಕೂದಲೆಳೆಯಷ್ಟು ಸರಿದರೂ ಮುಖದ ಭಾವ ಬದಲಾಗುತ್ತದೆ. ಆಮೇಲೆ ಬೊಂಬೆಯ ಇಡೀ ಭಾರ ಒಂದು ಕಾಲಿನ ಮೇಲೆ ಇದೆಯಾ ಎಂದು ನೋಡಿ. ಪಿವಿಸಿ ಸೆಕೆಗೆ ಮೆತ್ತಗಾಗುತ್ತದೆ. ಒಂದೇ ಕಾಲಿನ ಮೇಲೆ ನಿಂತು ಮುಂದಕ್ಕೆ ಬಾಗಿದ ಬೊಂಬೆ ಬಿಸಿಯಾದ ಕೋಣೆಯಲ್ಲಿ ವರ್ಷಗಳು ಕಳೆದಂತೆ ವಾಲಬಹುದು. ಪೀಠದಿಂದ ಇನ್ನೊಂದು ಆಸರೆ ಕೊಟ್ಟಿದ್ದರೆ ಒಳ್ಳೆಯದು, ಅದು ಫೋಟೋದಲ್ಲಿ ಚೆನ್ನಾಗಿ ಕಾಣದಿದ್ದರೂ.

ಪ್ರೀ-ಆರ್ಡರ್, ಮರುಬಿಡುಗಡೆ, ಸೆಕೆಂಡ್ ಹ್ಯಾಂಡ್

ಹೊಸ ಫಿಗರ್ ಘೋಷಣೆಯಾಗಿ ಬಣ್ಣವಿಲ್ಲದ ಬೂದು ಮಾದರಿ ಕಾಣಿಸುತ್ತದೆ. ಆಮೇಲೆ ಬಣ್ಣದ ಮಾದರಿ, ಆಮೇಲೆ ಪ್ರೀ-ಆರ್ಡರ್. ಚಿಬಾದ ಮಕುಹಾರಿ ಮೆಸ್ಸೆಯಲ್ಲಿ ವರ್ಷಕ್ಕೆ ಎರಡು ಸಲ ನಡೆಯುವ ವಂಡರ್ ಫೆಸ್ಟಿವಲ್‌ನಲ್ಲಿ ಇಂಥ ಮಾದರಿಗಳು ಸಾಲುಸಾಲಾಗಿ ಹೊರಬರುತ್ತವೆ. ಪ್ರೀ-ಆರ್ಡರ್ ಮಾಡಿದ ಮೇಲೆ ಬೊಂಬೆ ಕೈಗೆ ಬರಲು ಹಲವು ತಿಂಗಳು, ಸ್ಕೇಲ್ ಆದರೆ ಒಮ್ಮೊಮ್ಮೆ ವರ್ಷದ ಮೇಲೂ ಬೇಕು. ಬಿಡುಗಡೆ ಮುಂದೆ ಹೋಗುವುದು ಮಾಮೂಲು. ಅಷ್ಟು ದಿನ ಆಸೆ ಉಳಿಯುತ್ತದಾ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ರದ್ದು ಮಾಡುವ ನಿಯಮ ಅಂಗಡಿಯಿಂದ ಅಂಗಡಿಗೆ ಬೇರೆ, ಆರ್ಡರ್ ಒತ್ತುವ ಮೊದಲೇ ಓದಿ. ಹಲವು ಪ್ರೀ-ಆರ್ಡರ್‌ಗಳು ಒಂದೇ ತಿಂಗಳಿಗೆ ಸರಿದು ಒಟ್ಟಿಗೆ ಬಿಲ್ ಬಂದರೆ ಕಷ್ಟ. ಒಂದು ಚೀಟಿಯಲ್ಲಿ ಲೆಕ್ಕ ಇಡಿ.

ಮಾರಾಟ ಮುಗಿದ ಬೊಂಬೆಯ ಬೆಲೆ ಏರಿದ್ದನ್ನು ನೋಡಿ ಗಾಬರಿಯಿಂದ ಕೊಳ್ಳಬೇಡಿ. ಜನಪ್ರಿಯ ಫಿಗ್ಮಾ, ನೆಂಡೊರಾಯ್ಡ್, ಫಿಗ್ಯುಆರ್ಟ್ಸ್ ಹಲವು ಬಾರಿ ಮರುಬಿಡುಗಡೆ ಆಗುತ್ತವೆ. ಆ ಸುದ್ದಿ ಬಂದ ಕೂಡಲೇ ಏರಿದ ಬೆಲೆ ಇಳಿಯುತ್ತದೆ. ಫಿಗ್ಯುಆರ್ಟ್ಸ್‌ನಲ್ಲಿ ಅದೇ ಪಾತ್ರ ಹೊಸ ಮೈಕಟ್ಟಿನೊಂದಿಗೆ ಮತ್ತೆ ಬರುವುದೂ ಇದೆ, ಆಗ ಹಳೆಯದನ್ನು ಕೇಳುವವರು ಕಡಿಮೆಯಾಗುತ್ತಾರೆ. ಸ್ಕೇಲ್ ಫಿಗರ್‌ಗಳ ವಿಷಯದಲ್ಲಿ ಮರುಬಿಡುಗಡೆ ಅಷ್ಟು ಖಚಿತ ಅಲ್ಲ. ಅಲ್ಲಿ ಪ್ರೀ-ಆರ್ಡರ್ ಬಿಟ್ಟರೆ ಬೇರೆ ಸಮಾಧಾನದ ದಾರಿ ಕಡಿಮೆ.

ಸೆಕೆಂಡ್ ಹ್ಯಾಂಡ್ ಬಗ್ಗೆ ಹಿಂಜರಿಕೆ ಬೇಡ. ಜಪಾನಿನ ಅಂಗಡಿಗಳಾದ ಮಂದಾರಕೆ, ಅಮಿಅಮಿ ಹಳೆಯ ಬೊಂಬೆಗಳನ್ನೂ ಮಾರುತ್ತವೆ. ಅಮಿಅಮಿಯಲ್ಲಿ ಬೊಂಬೆಗೆ ಒಂದು ದರ್ಜೆ, ಬಾಕ್ಸಿಗೆ ಇನ್ನೊಂದು ದರ್ಜೆ ಕೊಟ್ಟಿರುತ್ತಾರೆ. ಬಾಕ್ಸ್ ಹರಿದು ಬೊಂಬೆ ಚೆನ್ನಾಗಿದ್ದರೆ ಬೆಲೆ ಇಳಿದಿರುತ್ತದೆ, ಬೊಂಬೆ ಮಾತ್ರ ಬೇಕಾದವರಿಗೆ ಅದು ಲಾಭ. ಆದರೆ ಕೀಲುಳ್ಳ ಬೊಂಬೆಯಲ್ಲಿ ಎಲ್ಲ ಕೈಗಳೂ ಮುಖಗಳೂ ಇವೆಯಾ ಎಂದು ಎಣಿಸಿಯೇ ಕೊಳ್ಳಿ. ಕೀಲು ಸಡಿಲ ಎಂಬುದು ಫೋಟೋದಲ್ಲಿ ಕಾಣದು. ಹಾಗಾಗಿ ಹಳೆಯದನ್ನು ಕೊಳ್ಳುವಾಗ ಕದಲದ ಬೊಂಬೆಯಲ್ಲಿ ಅಪಾಯ ಕಡಿಮೆ.

ನಕಲಿ ಬೊಂಬೆಗಳ ಕಾಟವೂ ಇದೆ. ಮಾಮೂಲಿ ಬೆಲೆಯ ಮೂರರಲ್ಲೊಂದು ಭಾಗಕ್ಕೆ ಹೊಸ ಬೊಂಬೆ ಎಂದರೆ ಅನುಮಾನ ಪಡಿ. ಬಾಕ್ಸಿನ ಮೇಲೆ ಹಕ್ಕುದಾರರ ಕಾಪಿರೈಟ್ ಸಾಲು ಇಲ್ಲದಿರುವುದು, ಕಂಪನಿಯ ಹೆಸರು ಇಲ್ಲದಿರುವುದು, ಎಣ್ಣೆ ಸವರಿದಂತೆ ಹೊಳೆಯುವ ಚರ್ಮ, ಕಣ್ಣಿನ ಅಚ್ಚು ಓರೆ, ಮೂಗಿಗೆ ಹೊಡೆಯುವ ಪ್ಲಾಸ್ಟಿಕ್ ವಾಸನೆ, ಇವು ಸಾಮಾನ್ಯ ಗುರುತುಗಳು. ನಕಲಿ ಆಕ್ಷನ್ ಫಿಗರ್ ಇನ್ನೂ ಕೆಟ್ಟದ್ದು. ಕೀಲಿನ ಅಳತೆಯೇ ತಪ್ಪಿರುತ್ತದೆ, ಮೊದಲ ಪೋಸ್‌ಗೇ ಕೈ ಕಳಚಿ ಬರುತ್ತದೆ. ಬಜೆಟ್ ಕಡಿಮೆ ಇದ್ದರೆ ನಕಲಿ ಫಿಗ್ಮಾಕ್ಕಿಂತ ಅಸಲಿ ಪ್ರೈಜ್ ಫಿಗರ್ ಎಲ್ಲ ರೀತಿಯಲ್ಲೂ ಮೇಲು.

ಕೊಂಡ ಮೇಲಿನ ಕೆಲಸ

ಇದೂ ಆಯ್ಕೆಯ ಭಾಗವೇ. ನೇರ ಬಿಸಿಲು ಎಲ್ಲ ಬೊಂಬೆಗೂ ಶತ್ರು, ಬಿಳಿ ಬಣ್ಣ ಹಳದಿಯಾಗುತ್ತದೆ. ಪಿವಿಸಿಯನ್ನು ಮೆತ್ತಗಿಡಲು ಸೇರಿಸಿದ ಪದಾರ್ಥ ಕಾಲಕ್ರಮೇಣ ಮೇಲೆ ಬಂದು ಮೈ ಅಂಟಂಟಾಗುತ್ತದೆ. ಉಗುರುಬೆಚ್ಚಗಿನ ನೀರು, ಸ್ವಲ್ಪ ಸೌಮ್ಯ ಸೋಪು ಹಾಕಿ ತೊಳೆದು ನೆರಳಲ್ಲಿ ಒಣಗಿಸಿದರೆ ಹೋಗುತ್ತದೆ. ವರ್ಷಗಟ್ಟಲೆ ಮುಚ್ಚಿದ ಬಾಕ್ಸಿನಲ್ಲಿಟ್ಟರೂ ಹೀಗಾಗುವುದುಂಟು. ಆದ್ದರಿಂದ ಬಾಕ್ಸ್ ತೆರೆಯದೆ ಇಡುವುದೇ ಸುರಕ್ಷಿತ ಎಂದುಕೊಳ್ಳಬೇಡಿ.

ಧೂಳಿನ ವಿಷಯದಲ್ಲಿ ಕೀಲುಳ್ಳ ಬೊಂಬೆಗೆ ಕೆಲಸ ಜಾಸ್ತಿ, ಸಂದುಸಂದಿಗೆ ಮೆತ್ತನೆ ಬ್ರಶ್ ಬೇಕು. ಕೀಲು ಸಡಿಲವಾದರೆ ಅದನ್ನು ಬಿಡಿಸಿ ಕೀಲಿನ ಗುಂಡನೆಯ ತುದಿಯ ಮೇಲೆ ನೀರಿನಲ್ಲಿ ಕರಗುವ ಅಕ್ರಿಲಿಕ್ ವಾರ್ನಿಶ್ ತೆಳ್ಳಗೆ ಸವರಿ, ಪೂರ್ತಿ ಒಣಗಿದ ಮೇಲೆ ಮತ್ತೆ ಸೇರಿಸಿ. ನೇಲ್ ಪಾಲಿಶ್ ಬೇಡ, ಅದರ ದ್ರಾವಕ ಪ್ಲಾಸ್ಟಿಕ್ಕನ್ನು ತಿನ್ನಬಹುದು. ಗಾಢ ಬಣ್ಣದ ಭಾಗವನ್ನು ತಿಳಿ ಚರ್ಮಕ್ಕೆ ಒತ್ತಿ ತಿಂಗಳುಗಟ್ಟಲೆ ಬಿಟ್ಟರೆ ಬಣ್ಣ ಹತ್ತುತ್ತದೆ. ಪೋಸ್ ಬದಲಾಯಿಸುತ್ತಿರಿ.

ಹಾಗಾದರೆ ಯಾರಿಗೆ ಯಾವುದು

ಹೊಡೆದಾಟದ ಪಾತ್ರ, ವಾರವಾರ ಪೋಸ್ ಬದಲಿಸುವ ಕೈ, ಮಧ್ಯಮ ಬಜೆಟ್: ಫಿಗ್ಯುಆರ್ಟ್ಸ್, ಸ್ಟ್ಯಾಂಡ್ ಖರ್ಚು ಸೇರಿಸಿಕೊಂಡು. ಮುಖಭಾವಗಳ ಫೋಟೋ ತೆಗೆಯುವುದೇ ಹವ್ಯಾಸವಾದರೆ ಫಿಗ್ಮಾ. ಅದೇ ಹವ್ಯಾಸಕ್ಕೆ ಜಾಗ ಕಡಿಮೆ ಇದ್ದು ಮುದ್ದು ರೂಪ ಹಿಡಿಸಿದರೆ ನೆಂಡೊರಾಯ್ಡ್. ಕೀಲು ಬೇಕು, ದುಡ್ಡು ಕಡಿಮೆ, ಕೈಕೆಲಸ ಇಷ್ಟ ಎನ್ನುವವರು ಕಿಟ್ ಕಡೆಗೆ ಹೋಗಿ.

ಉದ್ದ ಕೂದಲು, ಹರಡಿದ ಉಡುಪಿನ ಪಾತ್ರ ಎಂದರೆ ಕೀಲುಗಳನ್ನು ಮರೆತುಬಿಡಿ. ದುಡ್ಡಿದ್ದರೆ, ಪೋಸ್ ಹಿಡಿಸಿದರೆ, ಕಾಯಲು ಸಿದ್ಧರಿದ್ದರೆ ಸ್ಕೇಲ್. ಇಲ್ಲದಿದ್ದರೆ ಪಾಪ್ ಅಪ್ ಪರೇಡ್ ಅಥವಾ ಪ್ರೈಜ್. ಎರಡರ ಮಧ್ಯೆ ತೂಗಾಡುತ್ತಿದ್ದರೆ ಪ್ರೈಜ್ ಕೊಂಡು, ಉಳಿದ ದುಡ್ಡನ್ನು ಮುಂದಿನ ಸ್ಕೇಲ್‌ಗೆ ಎತ್ತಿಡುವುದು ನನ್ನ ಆಯ್ಕೆ. ಮೂರು ಮಧ್ಯಮ ಬೊಂಬೆಗಳಿಗಿಂತ ಮನಸ್ಸಿಗೆ ಹತ್ತಿರವಾದ ಒಂದು ಸ್ಕೇಲ್ ಹೆಚ್ಚು ಕಾಲ ಖುಷಿ ಕೊಡುತ್ತದೆ ಎಂದು ನನ್ನ ನಂಬಿಕೆ. ಕಣ್ಣಿಗೆ ಬೇಕಾದವರ ಮಾತು ಅದು. ಕೈಗೆ ಬೇಕಾದವರಿಗೆ ಇದು ತಿರುಗುಮುರುಗು, ಎದುರಾಳಿ ಇಲ್ಲದೆ ಹೊಡೆದಾಟದ ಪೋಸ್ ಪೂರ್ತಿಯಾಗದು. ಅವರು ಎರಡು ಬೊಂಬೆಗೆ ಲೆಕ್ಕ ಹಾಕಿಯೇ ಹೊರಡಬೇಕು.

ಮಕ್ಕಳಿಗೆ ಉಡುಗೊರೆ ಕೊಡುವ ಯೋಚನೆ ಇದ್ದರೆ ಬಾಕ್ಸಿನ ಮೇಲಿನ ವಯಸ್ಸು ನೋಡಿ. ಜಪಾನಿನ ಸಂಗ್ರಹದ ಫಿಗರ್‌ಗಳ ಮೇಲೆ ಸಾಮಾನ್ಯವಾಗಿ 15 ವರ್ಷ ಮೇಲ್ಪಟ್ಟವರಿಗೆ ಎಂದಿರುತ್ತದೆ. ಚೂಪು ತುದಿಗಳು, ನುಂಗಬಹುದಾದಷ್ಟು ಸಣ್ಣ ಕೈಗಳು ಅದಕ್ಕೆ ಕಾರಣ. ಚಿಕ್ಕವರಿಗೆ ಅನಿಮೆ ಹೀರೋಸ್‌ನಂಥ ಗಟ್ಟಿ ಬೊಂಬೆ ಕೊಡಿ, ಅದರ ಮೇಲೂ ಬರೆದಿರುವ ವಯಸ್ಸನ್ನು ಒಮ್ಮೆ ನೋಡಿಕೊಂಡು.